ದಿಲ್ಲಿಯಿಂದ ಧಾರವಾಡಕ್ಕ, ದೌಲತಾಬಾದ ಹಾಯ್ದು

ವಿಮಾನ ಬಿಟ್ಟು ಕಾರಿನಾಗ ಯಾಕ ಬಂದ್ರಿ ಅಂತ ವೈನಿ ಕೇಳಿದ್ರು, ಬೆಳಗಾವಿ ಮೌಶಿ ಕೇಳಿದ್ರು, ಇಲ್ಲೆ ಎದುರು ಮನಿಯವರೂ ಕೇಳಿದ್ರು. ಎಲ್ಲಾರಿಗೂ ಫೋನಿನಾಗ ಅರ್ಧರ್ಧ ಹೇಳಿ ನನಗೂ ಸಾಕಾಗೇದ, ಒಮ್ಮೆ ಪೂರಾ ಬರದು ಬಿಡ್ತೇನಿ. ನಡುವ ಇತಿಹಾಸ ಬರತದ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅದು ಇಲ್ಲದ ನನ್ನ ಸಿಟ್ಟು ನಿಮಗ ತಿಳಿಯೂದಿಲ್ಲ.

ಕಾರಿನಾಗ ಬಂದದ್ದಕ್ಕ ದೊಡ್ಡ ಕಾರಣ ಏನಿಲ್ಲ. ನಮ್ಮದು ಡೀಸೆಲ್ ಗಾಡಿ. ಆವಾಗ ದಿಲ್ಲಿಯೊಳಗ ಡೀಸೆಲ್ ಗಾಡಿಗೆ ಹತ್ತು ವರ್ಷ ಆತಂದ್ರ ಮುಗೀತು ಅಂತಿತ್ತು. ಅಲ್ಲೆ ಮಾರಿದ್ರ ಗುಜರಿ ರೇಟು, ಎನ್‌ಓಸಿ ತೊಗೊಂಡು ಕರ್ನಾಟಕಕ್ಕ ತಂದ್ರ ಇನ್ನೂ ಐದಾರು ವರ್ಷ ಓಡತದ ಅಂತ ನಮ್ಮನಿಯವರ ಲೆಕ್ಕ. ನನ್ನ ಲೆಕ್ಕ ಬ್ಯಾರೆ ಇತ್ತು. ದೇವರ ಪೆಟಿಗಿ, ತುಳಸಿ, ಎರಡು ಭರಣಿ ಉಪ್ಪಿನಕಾಯಿ, ಇವನ್ನ ಲಾರಿಯವರ ಕೈಯಾಗ ಕೊಡಲಿಕ್ಕೆ ನನಗ ಮನಸಿರಲಿಲ್ಲ. ಹಿಂಗಾಗಿ 2024ರ ಫೆಬ್ರುವರಿಯೊಳಗ ಅರವತ್ತರ ಗಂಡ, ಐವತ್ತಾರರ ಹೆಂಡತಿ, ಹಿಂದಿನ ಸೀಟಿನಾಗ ದೇವರು, ಐದು ದಿನದ ದಾರಿ.

ಈಗ ಸಿಟ್ಟಿನ ಮಾತು. 1990ರಾಗ ಮದಿವಿ ಆಗಿ ದಿಲ್ಲಿಗೆ ಹೋದಾಗ ನನಗ ಇಪ್ಪತ್ತೆರಡು. 'ದಿಲ್ಲಿ ಆಗತದೇನವಾ ನಿನಗ' ಅಂತ ಆವಾಗ ಯಾರೂ ಕೇಳಲಿಲ್ಲ. ಕೇಳೂ ಪದ್ಧತಿನ ಇರಲಿಲ್ಲ, ವರನ ನೌಕರಿ ಎಲ್ಲೋ ಹುಡುಗಿ ಅಲ್ಲೆ. ಮೊದಲ ನಾಕೈದು ವರ್ಷ ಧಾರವಾಡ ಅಂದ್ರ ಕಣ್ಣಾಗ ನೀರು. ಮಳಿಗಾಲ ಬಂದಾಗೊಮ್ಮೆ ಸಾಧನಕೇರಿ ನೆನಪಾಗೂದು. ಆಮ್ಯಾಲ ಮಗ ಹುಟ್ಟಿದ, ಅವನ ಸಾಲಿ, ಮೂರು ಸರಕಾರಿ ಕ್ವಾರ್ಟರ್ಸು ಬದಲಾದ್ವು. ಬಾಜೂ ಮನಿ ಪಂಜಾಬಿ ಭಾಭಿ ಕಡೆ ಸರಸೋಂ ಸಾಗ ಕಲತೆ, ಆಕಿಗೆ ಜ್ವಾಳದ ರೊಟ್ಟಿ ಬಡಿಯೂದು ಕಲಿಸಿದೆ. ದಿಲ್ಲಿ ಥಂಡಿ ಬೈಕೋತ ಬೈಕೋತನ ಅದು ನನ್ನ ಊರಾಗಿ ಹೋತು. ಯಾವಾಗ ಆತು ಅಂತ ನನಗೂ ತಿಳೀಲಿಲ್ಲ.

ದೀಪಾವಳಿ ಮುಂದ ಒಂದು ರಾತ್ರಿ ಊಟಕ್ಕ ಕೂತಾಗ ಇವರು 'ಧಾರವಾಡದಾಗ ಮನಿ ತೊಗೊಂಡೇನಿ, ರಿಟಾಯರ್ ಆದ ಕೂಡಲೆ ಹೋಗೂದು' ಅಂದ್ರು. ತೊಗೊಳ್ಳೋಣೇನು ಅಂತಲ್ಲ, ತೊಗೊಂಡೇನಿ ಅಂತ. ಮೈದುನ ಹೋಗಿ ನೋಡಿ ಬಂದಿದ್ದ, ಕಾಗದ ಪತ್ರ ಎಲ್ಲಾ ಆಗಿದ್ದವು. ನಾ ಫೋಟೋ ಸುದ್ಧಾ ನೋಡಿರಲಿಲ್ಲ. 'ಇಷ್ಟು ವರ್ಷ ಧಾರವಾಡ ಧಾರವಾಡ ಅಂತಿದ್ದಿ, ಈಗ ಮಾರಿ ಯಾಕ ಹಿಂಗ ಮಾಡ್ತಿ?' ಅಂತ ನನ್ನನ್ನ ತಿರುಗಿ ಕೇಳಿದ್ರು. ಅವತ್ತಿನಿಂದ ಮನಿಯೊಳಗ ಅವರ ಹೆಸರು ತುಘಲಕ. ಮಗನಿಗೂ ಹಂಗ ಹೇಳತಿದ್ದೆ, 'ನಿಮ್ಮ ತುಘಲಕ ಚಹಾ ಕುಡದಾರೇನು ಕೇಳು.'

ತುಘಲಕ ನನಗೇನು ಹೊಸಬ ಅಲ್ಲ. ಪಿಯುಸಿ ಓದುವಾಗ ಗಿರೀಶ ಕಾರ್ನಾಡರ ನಾಟಕ ಓದಿದ್ದೆ. 1964ರಾಗ ಬರದದ್ದು, ಬರದವರು ನಮ್ಮ ಕರ್ನಾಟಕ ಕಾಲೇಜಿನಾಗ ಕಲತವರು ಅನ್ನೂ ಅಭಿಮಾನ ಬ್ಯಾರೆ. ದಿಲ್ಲಿಗೆ ಹೋದಮ್ಯಾಲ ತುಘಲಕಾಬಾದ ಕೋಟಿ ನೋಡಿ 'ಇವನದ' ಅಂದುಕೊಂಡಿದ್ದೆ. ಅಲ್ಲ, ಅದು ಅವರಪ್ಪ ಗಿಯಾಸುದ್ದೀನ ಕಟ್ಟಿಸಿದ್ದು. ಮಗ ಮಹಮ್ಮದ ಬಿನ್ ತುಘಲಕನದು ಜಹಾಂಪನಾಹ. ಅದರ ಗ್ವಾಡಿ ತುಂಡು ಈಗಿನ ದಕ್ಷಿಣ ದಿಲ್ಲಿಯ ಮನಿಗಳ ನಡುವ ಅಲ್ಲಲ್ಲೆ ನಿಂತಾವ, ಭಾಜಿ ತರಲಿಕ್ಕೆ ಹೋದಾಗ ಅದರ ಬಾಜೂಕ ಎಷ್ಟು ಸಲ ಹಾಯ್ದು ಹೋಗೇನಿ. ಸಾಮಾನು ಕಟ್ಟೂ ಮುಂದ ಮಗನ ಕಪಾಟಿನಾಗ ಇಬ್ನ್ ಬತೂತಾನ ಪ್ರವಾಸದ ಹಿಂದಿ ಪುಸ್ತಕ ಸಿಕ್ತು. ಡಬ್ಬಿ ಕಟ್ಟೂದು ಬಿಟ್ಟು ಮೂರು ದಿನ ಅದನ್ನ ಓದಿದೆ. ಆಮ್ಯಾಲ ಸಿಕ್ಕಿದ್ದೆಲ್ಲಾ ಓದಿದೆ. ನನ್ನ ಮನಿ ಹೋಗೂ ದಾರಿನ ಅವನ ರಾಜಧಾನಿ ಹೋದ ದಾರಿ!

ಕಥಿ ನಿಮಗೆಲ್ಲಾ ಗೊತ್ತದ, ಹುಚ್ಚ ಸುಲ್ತಾನ ದಿಲ್ಲಿ ಮಂದೀನ್ನ ದೇವಗಿರಿಗೆ ಓಡಿಸಿದ ಅಂತ. ಸಾಲಿಯೊಳಗ ನಾವೂ ಇಷ್ಟ ಕಲತಿದ್ದು. ಆದ್ರ ಅವನಿಗೆ ಕಾರಣ ಇತ್ತು, ಆ ಕಾರಣದಾಗ ನಮ್ಮ ಕಡೇದೂ ಒಂದು ಪಾಲು ಅದ. ಅವನ ರಾಜ್ಯ ನಮ್ಮ ದ್ವಾರಸಮುದ್ರದ ತನಕ ಚಾಚಿತ್ತು. ದಿಲ್ಲಿಯೊಳಗ ಕೂತು ದಖ್ಖನ ಆಳೂದು ಆಗವಲ್ದಾಗಿತ್ತು. ಅವನ ಸೋದರತ್ತಿ ಮಗ ಬಹಾವುದ್ದೀನ ಗುರ್ಶಾಸ್ಪ ಅನ್ನಾವ ಸಗರದಾಗ ಇದ್ದ. ಸಗರ ಅಂದ್ರ ಈಗಿನ ಯಾದಗಿರಿ ಜಿಲ್ಲಾದ ಶಹಾಪುರ ಹತ್ತರ. ಅವ ಬಂಡೆದ್ದ, ಸೋತ, ಓಡಿ ಬಂದು ಕಂಪಿಲಿ ರಾಜನ ಹತ್ತರ ಆಸರಾ ಕೇಳಿದ. ಕಂಪಿಲಿ ಅಂದ ಕೂಡಲೆ ನಿಮಗ ತಿಳೀಬೇಕು, ನಮ್ಮ ಕುಮಾರರಾಮನ ಮನಿ ಅದು. ಆಸರಾ ಕೊಟ್ಟ ತಪ್ಪಿಗೆ 1327ರ ಹೊತ್ತಿಗೆ ಕಂಪಿಲಿ ಹಾಳಾತು, ರಾಜ ಸತ್ತ, ಅರಮನಿ ಹೆಣಮಕ್ಕಳು ಬೆಂಕಿಗೆ ಹಾರಿದ್ರು ಅಂತ ಇಬ್ನ್ ಬತೂತಾ ಬರದಾನ. ಗುರ್ಶಾಸ್ಪ ಅಲ್ಲಿಂದ ಹೊಯ್ಸಳ ಬಲ್ಲಾಳನ ಕಡೆ ಓಡಿದ. ಬಲ್ಲಾಳ ಹಿಡದು ಒಪ್ಪಿಸಿಬಿಟ್ಟ. ಇದೆಲ್ಲಾ ಆದ ಆಸುಪಾಸಿನಾಗನ ಸುಲ್ತಾನ ದೇವಗಿರಿಗೆ ದೌಲತಾಬಾದ ಅಂತ ಹೆಸರಿಟ್ಟು ಎರಡನೇ ರಾಜಧಾನಿ ಮಾಡಿದ.

ದಿಲ್ಲಿಯೊಳಗ ನಾಯಿ ಬೆಕ್ಕು ಸುದ್ಧಾ ಉಳೀಲಿಲ್ಲ ಅನ್ನೂ ಅರ್ಥದಾಗ ಆ ಕಾಲದ ಬರನಿ ಬರದಾನ. ಈ ಬರನಿ ಸುಲ್ತಾನನ ದರ್ಬಾರಿನಾಗ ವರ್ಷಗಟ್ಟಲೆ ಇದ್ದಾವ, ಸುಲ್ತಾನ ಸತ್ತಮ್ಯಾಲ ಆಸ್ತಿ ಮರ್ಯಾದಿ ಎಲ್ಲಾ ಕಳಕೊಂಡು ಮುದಿ ವಯಸ್ಸಿನಾಗ ಕೂತು ಬರದಾವ. ಇಬ್ನ್ ಬತೂತಾ ದಿಲ್ಲಿಗೆ ಬಂದದ್ದು 1334ರಾಗ, ಅಂದ್ರ ಈ ಗಲಾಟಿ ಆಗಿ ಏಳು ವರ್ಷದ ಮ್ಯಾಲ. ಕುರುಡನೊಬ್ಬನನ್ನ ದೌಲತಾಬಾದದ ತನಕ ಎಳಕೊಂಡು ಹೋದ್ರು, ಮುಟ್ಟಿದ್ದು ಅವನ ಕಾಲು ಒಂದ ಅಂತ ಅವ ಬರದದ್ದು ಕಣ್ಣಿಲೆ ನೋಡಿದ್ದಲ್ಲ, ಮಂದಿ ಹೇಳಿದ್ದು ಕೇಳಿದ್ದು. ಈಗಿನ ಇತಿಹಾಸಕಾರರು ಹೋದದ್ದು ಎಲ್ಲಾರೂ ಅಲ್ಲ, ಅಮೀರರು, ಅಧಿಕಾರಿಗಳು, ಮೌಲ್ವಿಗಳು, ಸೂಫಿಗಳು, ಅವರ ಮನಿಮಂದಿ, ಆಳುಕಾಳು ಅಂತಾರ. 1327–28ರ ಸಂಸ್ಕೃತ ಶಾಸನಗಳು ದಿಲ್ಲಿ ಕಡೇನ ಸಿಕ್ಕಾವ. ಹಾಳು ಬಿದ್ದ ಊರಾಗ ಹೊಸ ಶಾಸನ ಯಾರು ಕೆತ್ತಸತಾರ?

ಒಟ್ಟಿನ ಮ್ಯಾಲ ಅಷ್ಟು ಮಂದಿ ಹೋದದ್ದಂತೂ ಖರೆ. ಮೊದಲು ಹೋದದ್ದು ಸುಲ್ತಾನನ ತಾಯಿ, ಮಖ್ದೂಮಾ-ಎ-ಜಹಾನ್. ಅರಮನಿ ಸಂಸಾರ ಎಲ್ಲಾ ಆಕಿ ಜೋಡಿ. ಇದನ್ನ ಓದಿ ನಾ ಪುಸ್ತಕ ಕೆಳಗಿಟ್ಟೆ. ನಾ ಇಲ್ಲೆ ಸ್ಟೀಲ್ ಡಬ್ಬಿ ಸುತ್ತಲಿಕ್ಕೆ ಹಳೇ ಪೇಪರ್ ಸಾಲವಲ್ವು ಅಂತ ಬಡಕೊಳ್ಳತಿದ್ದೆ. ಮಗ ಹುಕುಂ ಕೊಟ್ಟ, ತಾಯಿ ಗಂಟುಮೂಟಿ ಕಟ್ಟಿದ್ಲು. ಏಳು ನೂರು ವರ್ಷದಾಗ ಏನು ಬದಲಾಗೇದರೀ?

ಹೊರಟ ದಿನ ಭಾಭಿ ಮೊಸರು ಸಕ್ಕರಿ ತಿನಿಸಿದ್ಲು. ಇಬ್ಬರೂ ಅಳಬಾರದು ಅಂತ ಮಾತಾಡಿಕೊಂಡಿದ್ವಿ, ಆಕಿನ ಮೊದಲು ಸುರು ಮಾಡಿದ್ಲು. ಆಗ್ರಾ ದಾರಿಗೆ ಬೇಕಂತನ ಹಳೇ ಮಥುರಾ ರೋಡ್ ಹಿಡದ್ವಿ, ಕೋಸ್ ಮಿನಾರ ನೋಡಬೇಕಿತ್ತು ನನಗ. ಮೊಗಲರು ಕೋಸಿಗೊಂದರಂತೆ ನಿಲ್ಲಿಸಿದ ಮೈಲಿಗಂಬ ಅವು. ಕೋಸ್ ಅಂದ್ರ ಹೆಚ್ಚುಕಡಿಮಿ ಮೂರು ಕಿಲೋಮೀಟರ. ಇಟ್ಟಂಗಿಲೆ ಕಟ್ಟಿ ಗಾರೆ ಮಾಡಿದ ದಪ್ಪನ್ನ ಕಂಬ, ಮ್ಯಾಲ ಹೋದಂಗ ಸಣ್ಣ ಆಗತದ. ಒಂದು ಕಾರ್ಖಾನಿ ಹಿಂದ ನಿಂತಿತ್ತು, ಇನ್ನೊಂದು ಹೊಲದ ನಡುವ. ಧೋಲಪುರದ ಹತ್ತರ ಚಂಬಲ್ ದಾಟಿದ್ವಿ. ಅಲ್ಲಿ ಮಣ್ಣಿನ ಕೊರಕಲು ನೋಡಿದ್ರ ಡಾಕೂಗಳು ಯಾಕ ಅಲ್ಲೆ ಅಡಗತಿದ್ರು ಅಂತ ತಿಳೀತದ. ರಾತ್ರಿ ಗ್ವಾಲಿಯರ. ಲಾಡ್ಜಿನ ಹುಡುಗ ಬ್ಯಾಗ ಹಿಡೀಲಿಕ್ಕೆ ಬಂದ್ರ ನಾ ತುಳಸಿ ಕುಂಡಾ ಅವನ ಕೈಗೆ ಕೊಟ್ಟೆ. ಪಾಪ, ಚಪ್ಪಲಿ ಬಿಟ್ಟು ಹಿಡಕೊಂಡು ಬಂದ.

ಎರಡನೇ ದಿನ ಇಂದೂರ ಮುಟ್ಟಬೇಕು, ಐದುನೂರು ಕಿಲೋಮೀಟರಿನ ಹತ್ತರ. ಇಬ್ನ್ ಬತೂತಾನೂ ಗ್ವಾಲಿಯರದಿಂದ ಚಂದೇರಿ, ಧಾರ, ಉಜ್ಜಯಿನಿ ಹಾಯ್ದು ದೌಲತಾಬಾದಕ್ಕ ಹೋದಾವ. ದಿಲ್ಲಿಯಿಂದ ಧಾರಕ್ಕ 24 ದಿನ, ದೌಲತಾಬಾದಕ್ಕ 40 ದಿನ ಅಂತ ಲೆಕ್ಕ ಕೊಟ್ಟಾನ. ದಾರಿ ಎರಡೂ ಬಾಜೂ ಗಿಡ ಹಚ್ಚಿದ್ರು, ತ್ವಾಟದಾಗ ಹೊಂಟಂಗ ಅನಸತದ, ಮೈಲಿಗೆ ಮೂರು ಟಪ್ಪಾಲಿನ ಠಾಣೆ, ಅಲ್ಲೆ ಪ್ರವಾಸಿಗೆ ಬೇಕಾದ್ದೆಲ್ಲಾ ಸಿಗತದ ಅಂತಾನ. ಓದಿದ್ರ ಈಗಿನ ಹೈವೇ ಢಾಬಾದ ವರ್ಣನಿ ಇದ್ದಂಗ ಅದ. ಆದ್ರ ಅವ ಸುಲ್ತಾನನ ರಾಯಭಾರಿ ಆಗಿ ಚೀನಾಕ್ಕ ಹೊಂಟಾವ, ಜೋಡಿ ಕುದುರಿ, ಆಳು. ಅವನಿಗೆ ತ್ವಾಟ ಕಂಡೀತು. ಕೂಸು ಕಟಿಗೊಂಡು ನಡದಾಕಿಗೆ ಏನು ಕಂಡಿತ್ತೋ. ದಾರಿಯೊಳಗ ಎಷ್ಟೋ ಮಂದಿ ಸತ್ರು ಅಂತ ಬರನಿ ಹೇಳತಾನ. ಸುಲ್ತಾನ ರೊಕ್ಕಾ ಕೊಟ್ಟಿದ್ದ, ಬಿಟ್ಟು ಬಂದ ಮನಿಗಳ ಬೆಲಿ ಕೊಟ್ಟಿದ್ದ, ಮುಟ್ಟಿದ ಮ್ಯಾಲ ಮತ್ತ ಕೊಟ್ಟಿದ್ದ. ನಮ್ಮನಿಯವರೂ ಹಂಗ ಅಂತಾರ, 'ಏನು ಕಡಿಮಿ ಮಾಡೇನಿ ನಿನಗ?'

ಗುಣಾ ದಾಟಿದಮ್ಯಾಲ ಹಿಂದಿನ ಗಾಲಿ ಪಂಕ್ಚರ್ ಆತು. ಸ್ಟೆಪ್ನಿ ಡಿಕ್ಕಿಯ ತಳದಾಗ, ಅದರ ಮ್ಯಾಲ ನಮ್ಮ ಅರ್ಧ ಸಂಸಾರ. ಒಂದೊಂದ ತಗದು ರೋಡಿನ ಬಾಜೂಕ ಇಟ್ವಿ. ಕುಕ್ಕರು, ಹಾಸಿಗಿ ಗಂಟು, ಮಿಕ್ಸರು, ಅತ್ತಿಯವರ ಹಿತ್ತಾಳಿ ಕೊಳಗ, ಸಂಡಿಗಿ ಡಬ್ಬಿ. ಭರಣಿ ಇಳಸೂ ಮುಂದ ಇವರ ಕೈ ಜಾರಿ ಮಾವಿನಕಾಯಿ ಭರಣಿ ಸೀಳಿತು. ಎಣ್ಣಿ ಖಾರ ಎಲ್ಲಾ ಹಾಸಿಗಿ ಗಂಟಿನ ಮ್ಯಾಲ. ನಾ ಒಂದು ಮಾತು ಆಡಲಿಲ್ಲ. ಆಡಿದ್ರ ನೆಟ್ಟಗಿರತಿರಲಿಲ್ಲ. ಒಬ್ಬ ಟ್ರಕ್ಕಿನಾವ ನಿಂತು ಜಾಕ್ ಹಚ್ಚಿ ಕೊಟ್ಟ. ಹೊಲದಿಂದ ಬರತಿದ್ದ ಇಬ್ಬರು ಹೆಣಮಕ್ಕಳು ಸಾಮಾನು ನೋಡಿ, ಮನಿ ಬಿಟ್ಟು ಹೊಂಟೀರೇನು ಅಂತ ಕೇಳಿದ್ರು. ಹೂಂ ಅಂದೆ. ಎಲ್ಲಿಗೆ ಅಂದ್ರು. ಕರ್ನಾಟಕ ಅಂದೆ. ಅವರಿಗೆ ಅದು ಎಲ್ಲಿ ಅದ ಅಂತ ತಿಳೀಲಿಲ್ಲ. ಒಬ್ಬಾಕಿ ತನ್ನ ಸೆರಗಿನ ತುದಿಯೊಳಗಿನ ಕಡ್ಲಿಗಿಡ ಕೊಟ್ಲು. ಹಸಿಕಡ್ಲಿ ಸುಲಕೋತ ಸಾಮಾನಿನ ನಡುವ ಕೂತಾಗ ಅನಿಸ್ತು, ಆ ನಲವತ್ತು ದಿನದ ದಾರಿಯೊಳಗ ದಿನಾ ಸಂಜೀಕ ಹಿಂಗ ಇಳಸಬೇಕು, ಒಲಿ ಹೂಡಬೇಕು, ಮುಂಜಾನೆ ಮತ್ತ ಕಟ್ಟಬೇಕು. ನಲವತ್ತು ಸಲ. ಬರನಿನೂ ಬರೀಲಿಲ್ಲ, ಬತೂತಾನೂ ಬರೀಲಿಲ್ಲ. ಅವರಿಬ್ಬರೂ ಒಂದು ದಿನಾನೂ ಒಲಿ ಹೂಡಿರಲಿಕ್ಕಿಲ್ಲ ಬಿಡ್ರಿ.

ಹಂಗಂತ ಬತೂತಾನ್ನ ಪೂರಾ ಬೈಯೂಹಂಗಿಲ್ಲ. ದೌಲತಾಬಾದ ಬಿಟ್ಟು ಖಂಬಾತಕ್ಕ ಹೋಗಿ ಹಡಗ ಹತ್ತಿ ಅವ ನಮ್ಮ ಹೊನ್ನಾವರಕ್ಕ ಬಂದಿದ್ದ. ಅಲ್ಲೆ ಹುಡಿಗ್ಯಾರಿಗೆ 13 ಸಾಲಿ, ಹುಡುಗರಿಗೆ 23 ಸಾಲಿ ನೋಡಿದೆ, ಇಂಥಾದ್ದು ಬ್ಯಾರೆ ಎಲ್ಲೂ ನೋಡಿಲ್ಲ ಅಂತ ಬರದಾನ. ಅರ್ಧ ಜಗತ್ತು ತಿರಗಿದಾವ ಹೇಳಿದ ಮಾತು ಅದು. ಹೊನ್ನಾವರ ಕಡೆಯವರು ಓದಲಿಕತ್ತಿದ್ರ ಇದನ್ನ ಬರದು ಇಟಗೋರಿ.

ಮೂರನೇ ದಿನ ಇಂದೂರದಾಗ ಪೋಹೆ ತಿಂದು ಹೊರಟ್ವಿ. ಹಿಂದಿನ ದಿನ ಬ್ಯಾವರಾದಾಗ ಹತ್ತಿದ ರಾಷ್ಟ್ರೀಯ ಹೆದ್ದಾರಿ 52 ನಮ್ಮನ್ನ ಸೀದಾ ಹುಬ್ಬಳ್ಳಿಗೆ ಮುಟ್ಟಸತದ. ಪಂಜಾಬದ ಸಂಗರೂರದಾಗ ಸುರು ಆಗಿ ನಮ್ಮ ಅಂಕೋಲಾದಾಗ ಮುಗಿಯೂ ರೋಡು ಅದು. ಭಾಭಿಗೆ ಫೋನ್ ಮಾಡಿ 'ನಿಮ್ಮ ಪಂಜಾಬದ ರೋಡು ನಮ್ಮೂರಿಗೆ ಬರತದ' ಅಂದೆ. 'ಹಂಗಾದ್ರ ಅದರ ಮ್ಯಾಲನ ವಾಪಸ್ ಬಾ' ಅಂದ್ಲು. ಖಲಘಾಟದಾಗ ನರ್ಮದಾ ಬಂದ್ಲು. ನಾ ಹೇಳೂಕಿಂತ ಮೊದಲ ಇವರು ಪೂಲು ದಾಟಿ ಗಾಡಿ ಬಾಜೂಕ ಹಾಕಿ 'ಇಳಿ, ಅರಿಷಿಣ ಕುಂಕುಮ ಹಾಕಿ ಬಾ' ಅಂದ್ರು. ಪಂಕ್ಚರ್ ಆದಾಗಿನಿಂದ ನಡುವ ಆದ ಮೊದಲ ಮಾತು ಅದು.

ಸೇಂಧವಾ, ಧುಳೆ, ಚಾಳೀಸಗಾಂವ. ಅಲ್ಲಿಂದ ಘಾಟ ಹತ್ತಬೇಕು. ತಿರುವಿನಾಗ ಒಂದು ಬೋರ್ಡು, ಮರಾಠಿ ಅಕ್ಷರದಾಗ 'ಕನ್ನಡ' ಅಂತ, ಮುಂದ ಕಿಲೋಮೀಟರ. ನಾ ಕಣ್ಣು ಒರಸಿಕೊಂಡೆ. ಹೌದರೀ, ಅಲ್ಲೆ ಕನ್ನಡ ಅಂತನ ಒಂದು ಊರು ಅದ, ತಾಲೂಕಾ ಊರು. ಕವಿರಾಜಮಾರ್ಗದಾಗ ಕನ್ನಡನಾಡು ಕಾವೇರಿಯಿಂದ ಗೋದಾವರಿ ತನಕ ಅಂತ ಹೇಳ್ಯಾರ ಅಂತ ಸಾಲಿಯೊಳಗ ಬಾಯಿಪಾಠ ಮಾಡಿದ್ವಿ. ಇದು ಗೋದಾವರಿಯ ಆಚೀ ಬಾಜೂ! ಘಾಟ ಹತ್ತಿದ ಮ್ಯಾಲ ಇವರು ಗಾಡಿ ನಿಲ್ಲಿಸಿ ಬೋರ್ಡಿನ ಜೋಡಿ ನನ್ನ ಫೋಟೋ ತಗದ್ರು. ಆ ಫೋಟೋದಾಗ ನಾ ನಕ್ಕೇನಿ.

ಆ ರಾತ್ರಿ ವೇರೂಳದಾಗ ಉಳದ್ವಿ. ಮುಂಜಾನೆ ಕೈಲಾಸ ಗುಡಿ. ರಾಷ್ಟ್ರಕೂಟರ ಒಂದನೇ ಕೃಷ್ಣ, ಎಂಟನೇ ಶತಮಾನ, ಒಂದ ಗುಡ್ಡ ಮ್ಯಾಲಿಂದ ಕೆಳಗ ಕಡಕೋತ ಬಂದಾರ. ಅದರದು ಬ್ಯಾರೆನ ಬರೀಬೇಕು, ಇಲ್ಲೆ ತುರುಕೂದಿಲ್ಲ.

ನನಗ ಅವಸರ ಇದ್ದದ್ದು ಖುಲ್ದಾಬಾದಿಗೆ. ಔರಂಗಜೇಬನ ಗೋರಿ ಅಲ್ಲೆ ಅದ, 1681ರ ಸುಮಾರಿಗೆ ದಖ್ಖನಕ್ಕ ಅಂತ ಹೊರಟು ಮತ್ತ ದಿಲ್ಲಿ ಮಾರಿ ನೋಡದನ 1707ರಾಗ ಸತ್ತಾವ. ಆದ್ರ ನಾ ಹೋದದ್ದು ಅವನ ಸಲುವಾಗಿ ಅಲ್ಲ. ನಮ್ಮ ಕಲಬುರ್ಗಿ ಬಂದೇನವಾಜರ ತಂದಿ ಗೋರಿ ಅಲ್ಲೆ ಅದ. ಬಂದೇನವಾಜರು ದಿಲ್ಲಿಯೊಳಗ 1321ರಾಗ ಹುಟ್ಟಿದಾವರು. ತುಘಲಕನ ಹುಕುಂ ಬಂದಾಗ ಏಳು ವರ್ಷದ ಹುಡುಗ, ಅಪ್ಪ ಅವ್ವನ ಜೋಡಿ ಇದ ದಾರಿಯೊಳಗ ಬಂದ್ರು. ಮೂರು ನಾಕು ವರ್ಷದಾಗ ತಂದಿ ತೀರಿಕೊಂಡ್ರು. ಮುಂದ ತವರಿನವರ ಜೋಡಿ ಏನೋ ಮನಸ್ತಾಪ ಆಗಿ, 1335ರ ಹೊತ್ತಿಗೆ ತಾಯಿ ಮಕ್ಕಳನ್ನ ಕರಕೊಂಡು ದಿಲ್ಲಿಗೆ ವಾಪಸ್ ಹೋದ್ಲು. ಗಂಡ ಇಲ್ಲ, ಅಷ್ಟು ದೂರ, ಮತ್ತ ಎಲ್ಲಾ ಕಟಿಗೊಂಡು. ಆಕಿಗೆ ಯಾರೂ ಹುಕುಂ ಕೊಟ್ಟಿರಲಿಲ್ಲ. ಆ ಹುಡುಗ ಮುಂದ ದೊಡ್ಡ ಸಂತ ಆಗಿ, 1398ರಾಗ ತೈಮೂರ ದಿಲ್ಲಿ ಮ್ಯಾಲ ಬಂದಾಗ ಎಂಬತ್ತರ ಹತ್ತರದ ವಯಸ್ಸಿನಾಗ ಮೂರನೇ ಸಲ ಊರು ಬಿಟ್ಟು, ಗ್ವಾಲಿಯರ, ಗುಜರಾತ ಸುತ್ತಿ, ಅಪ್ಪನ ಗೋರಿ ನೋಡಿ, ಕಲಬುರ್ಗಿಗೆ ಬಂದು ನೆಲಿಸಿದ್ರು. 1422ರಾಗ ಅಲ್ಲೆ ತೀರಿಕೊಂಡ್ರು. ಉರುಸಿಗೆ ನಾವೆಲ್ಲಾ ಹೋಗೂ ದರ್ಗಾ ಅದು. ಆ ಅವ್ವನ್ನ ನೆನಸಿ ನಾ ಗೋರಿ ಮುಂದ ಸುಮ್ನ ಸ್ವಲ್ಪ ಹೊತ್ತು ನಿಂತೆ.

ದೌಲತಾಬಾದ ಕೋಟಿ ಅಲ್ಲಿಂದ ಹತ್ತರನ. ದೂರದಿಂದ ನೋಡಿದ್ರ ಗುಡ್ಡ ಅಲ್ಲ, ಯಾರೋ ಚಾಕುಲೆ ಸುತ್ತ ಹೆರದಂಗ ಅದ. ಹೆರದದ್ದು ಖರೇನ, ಯಾರೂ ಹತ್ತಬಾರದು ಅಂತ ಬುಡದ ಕಲ್ಲು ನೆಟ್ಟಗ ಕಡದು ಸುತ್ತ ಖಂದಕ ಮಾಡ್ಯಾರ. ಒಳಗ ಹಾಥೀ ಹೌದ ಅಂತ ದೊಡ್ಡ ಹೊಂಡ, ನಾವು ಹೋದಾಗ ನೀರಿರಲಿಲ್ಲ. ನಾ ಅದರ ದಂಡಿಮ್ಯಾಲ ನಿಂತು, ಕೊಡ ಎತ್ತಿಕೊಂಡು ಎಷ್ಟು ಪಾವಟಿಗಿ ಹತ್ತಿರಬೇಕು ಅಂತ ನೋಡಿದೆ. ಯಮುನಾ ದಂಡಿ ಮ್ಯಾಲ ಬೆಳದ ಹೆಣಮಕ್ಕಳು. ಮ್ಯಾಲಿನ ತನಕ ಏಳು ನೂರಕ್ಕೂ ಹೆಚ್ಚು ಪಾವಟಿಗಿ ಅಂದ್ರು. ಇವರದು ಮಣಕಾಲು ನೋವು, ನನ್ನದು ದಮ್ಮು. ಖಂದಕದ ಪೂಲು ದಾಟಿ, ಕತ್ತಲಿ ಸುರಂಗದ ಬಾಯಿಗೆ ಬಂದು ಕೂತು ಬಿಟ್ವಿ. ಒಳಗಿಂದ ಬಾವಲಿ ವಾಸನಿ.

'ಮನಿ ತೊಗೊಳ್ಳೂ ಮುಂದ ನನ್ನ ಒಂದು ಮಾತು ಯಾಕ ಕೇಳಲಿಲ್ಲ?' ಅಂದೆ. ನಾಕು ತಿಂಗಳಿಂದ ಚ್ಯಾಷ್ಟಿ ಮಾಡಿದ್ದೆ, ಟೋಮಣಿ ಹೊಡದಿದ್ದೆ, ನೆಟ್ಟಗ ಕೇಳಿದ್ದು ಅವತ್ತ.

ಇವರು ನೀರಿನ ಬಾಟಲಿ ಮುಚ್ಚಳ ಹಾಕೂದು ತಗಿಯೂದು ಮಾಡಿಕೋತ ಕೂತ್ರು. 'ನೀ ಹೂಂ ಅಂತೀ ಅಂತ ಗೊತ್ತಿತ್ತಲ್ಲ.'

'ಗೊತ್ತಿದ್ರ ಕೇಳಲಿಕ್ಕೆ ಏನು ತ್ರಾಸು ಇತ್ತು?'

ಮತ್ತ ಸ್ವಲ್ಪ ಹೊತ್ತು ಸುಮ್ನ. ಆಮ್ಯಾಲ 'ಎಲ್ಲೆರೆ ಬ್ಯಾಡ ಅಂದ್ರ ಏನು ಮಾಡೂದು ಅಂತ ಹೆದರಿಕಿ ಆತು' ಅಂದ್ರು. 'ಅವ್ವ ಹೋದಾಗ ಕಡೀ ಸಲ ಮಾರಿ ನೋಡಲಿಕ್ಕೆ ಬರಲಿಕ್ಕೆ ಆಗಲಿಲ್ಲಲ್ಲ. ಅವತ್ತಿನಿಂದ ನನಗ ದಿಲ್ಲಿಯೊಳಗ ನಿದ್ದಿ ಬಂದಿಲ್ಲ.'

ಅತ್ತಿಯವರು ಹೋದದ್ದು 2020ರ ಲಾಕ್‌ಡೌನಿನಾಗ. ರೈಲಿಲ್ಲ, ವಿಮಾನ ಇಲ್ಲ. ಫೋನಿನಾಗ ವಿಡಿಯೋ ನೋಡಿಕೋತ ಬಾಲ್ಕನಿಯೊಳಗ ನಿಂತಿದ್ರು, ಒಳಗ ಬಂದು ಸ್ನಾನ ಮಾಡಿ ಪೇಪರ್ ಹಿಡಕೊಂಡು ಕೂತಿದ್ರು. ಆ ನಾಕು ವರ್ಷದಾಗ ಆ ವಿಷಯ ಒಂದು ದಿನ ಎತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನೂದು ಅಲ್ಲೆ ಕೂತಾಗ ನೆನಪಾತು.

'ಮತ್ತ ನನಗ ಆ ಮನಿ ಅಡಿಗಿಮನಿ ಹೆಂಗ ಅದ ಅಂತನೂ ಗೊತ್ತಿಲ್ಲ' ಅಂದೆ. 'ನನಗೂ ಗೊತ್ತಿಲ್ಲ, ನಾನರೆ ಎಲ್ಲಿ ನೋಡೇನಿ' ಅಂದ್ರು! ಮನಿ ನೋಡದ ತೊಗೊಂಡಾರ. ತುಘಲಕನರೆ ದೇವಗಿರಿ ಮೊದಲು ನೋಡಿದ್ದ. ಅಲ್ಲೆ ಸುರಂಗದ ಬಾಗಿಲಿನಾಗ ಇಬ್ಬರೂ ನಗಲಿಕತ್ವಿ, ಸಾಲಿ ಟ್ರಿಪ್ಪಿಗೆ ಬಂದ ಹುಡುಗರು ನಿಂತು ನಮ್ಮನ್ನ ನೋಡಿದ್ರು.

ರಾಜಧಾನಿ ಅಲ್ಲೆ ಭಾಳ ವರ್ಷ ನಿಲ್ಲಲಿಲ್ಲ. ಏಳೆಂಟು ವರ್ಷದಾಗ ಸುಲ್ತಾನ ಬೇಕಾದವರು ವಾಪಸ್ ಹೋಗಬಹುದು ಅಂದ. ಸೋತ ಕಥಿ ಅಂತ ಪುಸ್ತಕ ಇಲ್ಲೆ ಮುಚ್ಚತಾವ. ನನಗ ಆಸಕ್ತಿ ಇರೂದು ಹೋಗದ ಉಳದವರ ಮ್ಯಾಲ. ಅವರ ನಡುವಿಂದನ 1347ರಾಗ ದೌಲತಾಬಾದದೊಳಗ ಬಂಡಾಯ ಎದ್ದು, ಹಸನ್ ಬಹಮನಿ ಸುಲ್ತಾನ ಆಗಿ ರಾಜಧಾನಿ ನಮ್ಮ ಕಲಬುರ್ಗಿಗೆ ತಂದ. ಮುಂದ ಬೀದರ, ಅದು ಒಡದು ವಿಜಾಪುರ. ಅವರು ದಿಲ್ಲಿಯಿಂದ ಹೊತ್ತುಕೊಂಡು ಬಂದ ಮಾತು ಇಲ್ಲಿ ಮರಾಠಿ, ಕನ್ನಡ, ತೆಲುಗಿನ ಜೋಡಿ ಕೂಡಿ ದಖನಿ ಆತು. ನಮ್ಮ ಓಣಿ ಮುಸಲ್ಮಾನ ಹೆಣಮಕ್ಕಳು 'ನಕ್ಕೋ', 'ಹೌ' ಅಂತ ಮಾತಾಡೂದು ಅದ. ದಿಲ್ಲಿಯೊಳಗ ನಾ ಒಂದು ಸಲ ನಕ್ಕೋ ಅಂದು ಭಾಭಿ ಹೊಟ್ಟಿ ಹಿಡಕೊಂಡು ನಕ್ಕಿದ್ಲು. ಭಾಷಾ ಕಟ್ಟಿದವರು ಸುಲ್ತಾನರು ಅಲ್ಲ. ನೀರಿನ ಕಟ್ಟಿ ಮ್ಯಾಲ, ಸಂತಿಯೊಳಗ, ಬಾಜೂ ಮನಿಗೆ ಹೆಪ್ಪಿಗೆ ಮೊಸರು ಕೇಳಲಿಕ್ಕೆ ಹೋದಾಗ ಆಗೇದ ಅದು.

ಶಹಾಗಡದಾಗ ಗೋದಾವರಿ ದಾಟಿದ್ವಿ, ಬೀಡ ಹಾಯ್ದು ಸೋಲಾಪುರ ಮುಟ್ಟೂದರಾಗ ರಾತ್ರಿ ಆತು. ಐದನೇ ದಿನ ಭೀಮಾ ದಾಟಿದ ಮ್ಯಾಲ ಬೋರ್ಡಿನಾಗ ನಮ್ಮ ಅಕ್ಷರ. ವಿಜಾಪುರದಾಗ ನಿಲ್ಲಲಿಲ್ಲ. ಕೊಲ್ಹಾರದಾಗ ಕೃಷ್ಣಾ ದಂಡಿಗೆ ಗಡಿಗಿ ಮೊಸರು ತೊಗೊಂಡ್ವಿ, ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಆ ಮೊಸರಿಗೆ ದಿಲ್ಲಿಯ ಯಾವ ಡೇರಿ ಮೊಸರೂ ಸಾಟಿ ಇಲ್ಲ, ಭಾಭಿಗೆ ಹೇಳಬ್ಯಾಡ್ರಿ. ನವಲಗುಂದದ ಕರೀ ಹೊಲ ಬಂದಾಗ ಇವರು ಗಾಡಿ ಸಾವಕಾಶ ಮಾಡಿ ಕಾಜು ಇಳಿಸಿದ್ರು. ಏನೂ ಮಾತಾಡಲಿಲ್ಲ.

ಮನಿ ಪರವಾ ಇಲ್ಲ. ಹಿಂದ ಒಂದು ಪೇರಲ ಗಿಡ ಅದ, ತುಳಸಿಗೆ ಮುಂದ ಕಟ್ಟಿ ಅದ. ಅಡಿಗಿಮನಿ ಮಾತ್ರ ಯಾರೋ ಗಂಡಸರು ಮಾಡಿಸಿದ್ದು ಅಂತ ನೋಡಿದ ಕೂಡಲೆ ತಿಳೀತು. ಕಟ್ಟಿ ನನ್ನ ಎದಿಮಟ್ಟ, ಸಿಂಕ್ ಒಂದು ಮೂಲ್ಯಾಗ, ಕಿಡಕಿ ಇನ್ನೊಂದು ಮೂಲ್ಯಾಗ. ಲಾರಿ ನಾಕು ದಿನ ತಡಾ ಬಂತು, ಅರ್ಧ ಗಾಜಿನ ಸಾಮಾನು ಒಡದಿತ್ತು. ಅಲ್ಲಿತನಕ ಎದುರು ಮನಿಯವರ ಒಂದು ಬರ್ನರಿನ ಒಲಿ ಮ್ಯಾಲ ಅನ್ನ ಸಾರು. ಐದನೇ ದಿನ ಗೌಂಡಿ ಬಂದಾಗ ಇವರು ಟೇಪ್ ಹಿಡಕೊಂಡು ಅಡಿಗಿಮನಿ ಬಾಗಲದಾಗ ನಿಂತು 'ಎಷ್ಟು ಎತ್ತರ ಮಾಡಸೂಣು?' ಅಂತ ನನ್ನನ್ನ ಕೇಳಿದ್ರು. ನಾ ಸಾವಕಾಶ ಎದ್ದು, ಕೈ ಒರಸಿಕೊಂಡು, ಕಟ್ಟಿ ಮುಂದ ನಿಂತು ತೋರಿಸಿದೆ. ಎರಡು ಸಲ ಬದಲ ಮಾಡಿದೆ. ಸುಮ್ನ ಬರಕೊಂಡ್ರು.

ಮರುದಿನ ಹಿಂದಿನ ಓಣಿಯ ಅಜ್ಜಿಯೊಬ್ಬರು ಅರಿಷಿಣ ಕುಂಕುಮಕ್ಕ ಕರೀಲಿಕ್ಕೆ ಬಂದ್ರು. 'ಯಾವೂರವಾ ನಿಮ್ಮದು?' ಅಂದ್ರು. ದಿಲ್ಲಿಯೊಳಗ ಮೂವತ್ನಾಲ್ಕು ವರ್ಷ ಈ ಪ್ರಶ್ನೆಕ್ಕ ಧಾರವಾಡ ಅಂತ ಹೇಳಿದಾಕಿ ನಾ. ಅವತ್ತ ಬಾಯಿಂದ ಬಂದದ್ದು ದಿಲ್ಲಿ ಅಂತ. ಅಜ್ಜಿ ನನ್ನ ಮಾತಿನ ಧಾಟಿ ಕೇಳಿ, ಮಾರಿ ನೋಡಿ, 'ಸುಳ್ಳ ಹೇಳಬ್ಯಾಡ' ಅಂದ್ರು. ಒಳಗ ಕರದು ಕೂಡಿಸಿ, ಸೀಳದ ಉಳದ ನಿಂಬಿಕಾಯಿ ಭರಣಿ ತಗದು ಒಂದು ಬಟ್ಟಲ ಹಾಕಿ ಕೊಟ್ಟೆ. ಭಾಭಿ ಹೇಳಿದಂಗ ಅಜಿವಾನ ಹಾಕಿದ್ದು.